ನಲವಡಿಯಿಂದ ಅರ್ಧ ತಾಸು

ಶ್ರೀಶೈಲಕ್ಕೆ ನಡೆದು ಹೋಗುವವರ ಕಾಲುಗಳು ಮೊದಲ ಎರಡು ಮೂರು ದಿನಗಳಲ್ಲೇ ಒಡೆದುಹೋಗುತ್ತವೆ. ಎರೆಸೀಮೆಯ ದಾರಿ ಮೆತ್ತಗಿರುತ್ತದೆ ಎಂದು ಹೊಸಬರು ತಿಳಿದಿರುತ್ತಾರೆ. ಕಾದ ಡಾಂಬರು ಅಂಗಾಲಿಗೆ ಹತ್ತಿದಾಗ ನಿಜ ತಿಳಿಯುತ್ತದೆ. ಅದಕ್ಕೇ ಕುಬಿಹಾಳದ ಕಂಬಿಯವರು ಪ್ರತಿ ವರ್ಷ ಅಣ್ಣಿಗೇರಿಯಲ್ಲಿ ಒಂದು ಇಡೀ ದಿನ ಮುಕ್ಕಾಮು ಮಾಡುತ್ತಾರೆ. ಅಂದು ನಡಿಗೆ ಇಲ್ಲ. ಬಟ್ಟೆ ಒಗೆದು ಹರವಿ, ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಟ್ಟು ಕೂತು, ಮಧ್ಯಾಹ್ನ ಹೊಟ್ಟೆ ತುಂಬ ಉಂಡು ಬಿದ್ದುಕೊಂಡರೆ ಮರುದಿನ ನಸುಕಿಗೆ ಏಳುವ ಕಾಲು ಬೇರೆಯೇ ಕಾಲು. ಅಲ್ಲಿಂದ ಮುಂದೆ ಮಲ್ಲಯ್ಯನೇ ನಡೆಸಿಕೊಂಡು ಹೋಗುತ್ತಾನೆ ಎಂದು ಹಿರಿಯರು ಹೇಳುತ್ತಾರೆ.

ಕಂಬಿ ಎಂದರೆ ಹೆಗಲ ಮೇಲೆ ಹೊರುವ ಬಿದಿರಿನ ಅಡ್ಡೆ. ಎರಡು ತುದಿಗೂ ಬೆತ್ತದ ಬುಟ್ಟಿ, ಮೇಲೆ ಬಾಗಿದ ಕಮಾನು, ಕಮಾನಿಗೆ ಕಾವಿ ವಸ್ತ್ರ, ವಸ್ತ್ರದ ಅಂಚಿಗೆ ಕಿರುಗಂಟೆ. ಹೊತ್ತವರ ಪಾದವನ್ನು ಮನೆಯ ಯಜಮಾನ ತೊಳೆಯದೆ ಅದು ಯಾರ ಹೊಸ್ತಿಲನ್ನೂ ದಾಟುವುದಿಲ್ಲ. ನೆಲ ಮುಟ್ಟುವುದಿಲ್ಲ, ರುದ್ರಭೂಮಿಯ ಒಳಗೆ ಹೋಗುವುದಿಲ್ಲ. ಹೊತ್ತವರು ಎದ್ದು ಗಂಟೆ ನುಡಿಸಿದರೆಂದರೆ ಉಣ್ಣಲು ಕೂತವನೂ ಕೈ ತೊಳೆದು ಹಿಂದೆ ಹೊರಡಬೇಕು. ಯಾಕೆ ಏನು ಎಂದು ಹಿರಿಯರೂ ಕೇಳುವ ಹಾಗಿಲ್ಲ. ಹೊರಟ ಕಂಬಿ ಹಿಂದಕ್ಕೆ ತಿರುಗುವ ಹಾಗೂ ಇಲ್ಲ.

ಈ ವರ್ಷ ಆ ಕಂಬಿ ಮಹಾನಂದಾಳ ಹೆಗಲ ಮೇಲಿತ್ತು. ಮುಕ್ಕಾಮು ಅವಳ ಅಣ್ಣ ಕಾಶಿನಾಥನ ಮನೆಯಲ್ಲಿತ್ತು. ಅಣ್ಣ ತಂಗಿ ನಾಲ್ಕು ವರ್ಷಗಳಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಬಿಸಿಲೇರುವ ಮೊದಲೇ ತಂಡ ಓಣಿಯೊಳಗೆ ತಿರುಗಿತು. ಓಣಿಯ ಬಾಯಿಗೇ ದೊಡ್ಡ ಫ್ಲೆಕ್ಸ್ ಕಟ್ಟಿತ್ತು. ಅದರ ತುಂಬ ಆ ಭಾಗದ ಧಣಿಯ ನಗುಮುಖ, ಕೆಳಗೆ ಕೈ ಮುಗಿದು ನಿಂತ ಕಾಶಿನಾಥ. ಮೂಲೆಯಲ್ಲಿ, ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾಗಿ, ಅವ್ವ ಸಾವಿತ್ರೆವ್ವನ ಚಿತ್ರ. ಅದರ ಅಡಿಗೆ ‘ಮಾತೋಶ್ರೀಯವರ ಸ್ಮರಣಾರ್ಥ’. ಕಾಶಿನಾಥ ಈ ಸಲ ಸೊಸೈಟಿಯ ಚುನಾವಣೆಗೆ ನಿಂತಿದ್ದ. ಧಣಿ ಒಂದು ಮಾತು ಆಡಿದರೆ ಗೆದ್ದ ಹಾಗೆ, ಆಡದಿದ್ದರೆ ಬಿದ್ದ ಹಾಗೆ. ಸಂಜೆ ಐದಕ್ಕೆ ಧಣಿ ಬಂದು ಕಂಬಿಗೆ ಪೂಜೆ ಮಾಡುವುದು, ಆಮೇಲೆ ಓಣಿಗೆಲ್ಲ ಊಟ ಎಂದು ಫ್ಲೆಕ್ಸಿನಲ್ಲಿ ಬರೆದಿತ್ತು.

ಮಹಾನಂದಾ ಕಣ್ಣಷ್ಟೇ ಮೇಲೆತ್ತಿ ಓದಿದಳು, ತಲೆ ಎತ್ತಲಿಲ್ಲ. ಹೆಗಲ ಮೇಲೆ ಕಂಬಿ ಇದ್ದರೆ ತಲೆ ಎತ್ತಲು ಬರುವುದೂ ಇಲ್ಲ.

ಕಾಶಿನಾಥ ತಾಮ್ರದ ಕೊಡ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆ ತುಂಬ ವಿಭೂತಿ. ಕಾವಿ ವಸ್ತ್ರದ ಕೆಳಗಿನ ಮುಖವನ್ನು ಅವನು ಕಂಡದ್ದು ಕಂಬಿ ಮೆಟ್ಟಿಲಿಗೆ ಬಂದಮೇಲೆಯೇ. ಕೊಡದ ನೀರು ತುಳುಕಿ ಅವನ ಪಾದದ ಮೇಲೇ ಬಿತ್ತು. ಓಣಿಯ ಹೆಂಗಸರೆಲ್ಲ ಕಟ್ಟೆಗೆ ಬಂದು ನಿಂತಿದ್ದರು, ಮೊಬೈಲು ಹಿಡಿದ ಹುಡುಗರೂ ಇದ್ದರು. ಕಂಬಿಯ ಮುಂದೆ ಹಿಂದೇಟು ಹಾಕಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಅವನು ಮೊಣಕಾಲೂರಿದ. ತಂಗಿಯ ಕಾಲು ತಾಟಿನಲ್ಲಿಟ್ಟು ಉಜ್ಜಿದ. ಗುಳ್ಳೆಗಳು ಅವನ ಬೆರಳಿಗೆ ಸಿಕ್ಕವು. ಆ ನೀರನ್ನು ಕಣ್ಣಿಗೆ ಹಚ್ಚಿಕೊಂಡು, ಮೇಲೆ ನೋಡದೆ, ಬರ್ರಿ ತಾಯಿ ಎಂದ. ಪದ್ಧತಿಯ ಮಾತು ಅದು, ಎಲ್ಲರಿಗೂ ಹೇಳುವಂಥದ್ದು.

ಮಹಾನಂದಾಳ ಒಳಗೆ ಏನೋ ಒಂದು ಮೆಲ್ಲಗೆ ತಣ್ಣಗಾಯಿತು. ಆದರೆ ಅವಳು ಬಂದದ್ದು ಇದಕ್ಕಲ್ಲ.

ಅವಳು ಬಂದದ್ದು ಅರ್ಧ ತಾಸಿಗೆ.

ಸಾವಿತ್ರೆವ್ವ ಹುಟ್ಟಿದ್ದು ಕುಬಿಹಾಳದಲ್ಲಿ. ಅಣ್ಣಿಗೇರಿಗೆ ಸೊಸೆಯಾಗಿ ಬಂದು, ಮಗಳನ್ನು ಮತ್ತೆ ಕುಬಿಹಾಳದ ತವರಿಗೇ ಕೊಟ್ಟಿದ್ದಳು. ತವರಿನ ಕಂಬಿ ಹೊರಟಾಗಲೆಲ್ಲ ತಾನೂ ಹೊರಡುತ್ತಿದ್ದಳು, ಮೂರು ಸಲ ಹೆಗಲು ಕೊಟ್ಟಿದ್ದಳು. ನಡೆಯುವಾಗ ಒಂದೇ ಹಾಡು ಹಾಡುತ್ತಿದ್ದಳು. ಯಾರಿಂದ ಕಲಿತಳೋ, ತಾನೇ ಕಟ್ಟಿದಳೋ ಗೊತ್ತಿಲ್ಲ.

ಕಾಲಾಗ ಮುಳ್ಳಿರಲಿ ಕಣ್ಣಾಗ ನೀರಿರಲಿ
ಹೆಗಲಾಗ ನೀನಿರೊ ಮಲ್ಲಯ್ಯ, ಈ ಹಾದಿ
ತಾನಾಗಿ ತಾನ ಸವದೀತ.

ಮಗಳು ಜೋಳಿಗೆಯಲ್ಲಿದ್ದಾಗಿನಿಂದ ಕೇಳಿದ ಹಾಡು ಅದು. ನಾನು ಹೋದರೆ ಕುಬಿಹಾಳದ ಒಂದು ಹಿಡಿ ಮಣ್ಣು ತಂದು ಹಾಕು, ಮತ್ತೇನೂ ಬೇಡ ಎಂದು ಅವ್ವ ಮಗಳಿಗೆ ಅಷ್ಟೇ ಹೇಳಿದ್ದಳು.

ಅವ್ವ ಹೋದ ದಿನ ಬೆಳಿಗ್ಗೆ ಫೋನು ಬಂತು. ಮಹಾನಂದಾ ಹೊಲಕ್ಕೆ ಓಡಿ ಮಣ್ಣು ಅಗೆದು ಸೆರಗಿಗೆ ಕಟ್ಟಿಕೊಂಡು, ಸಿಕ್ಕ ಟೆಂಪೋ ಹಿಡಿದು ಹುಬ್ಬಳ್ಳಿಗೆ ಬಂದು, ಅಲ್ಲಿಂದ ಬಸ್ಸು ಹತ್ತಿದಳು. ಬಸ್ಸು ನಲವಡಿಯಲ್ಲಿ ಕೆಟ್ಟು ನಿಂತಿತು. ಡ್ರೈವರು ಕೆಳಗಿಳಿದು ಏನೋ ಬಡಿಯುತ್ತಿದ್ದ. ಅವಳು ಅಣ್ಣನಿಗೆ ಫೋನು ಮಾಡಿ, ನಲವಡಿಗೆ ಬಂದಿದ್ದೇನೆ, ಅರ್ಧ ತಾಸು ತಡೆ, ಅವ್ವನ ಮುಖ ನೋಡಿ ಒಂದು ಹಿಡಿ ಮಣ್ಣು ಕೊಡುತ್ತೇನೆ ಎಂದಳು. ಅತ್ತ ಕಡೆಯಿಂದ ಬಂದದ್ದು ಎರಡೇ ಮಾತು.

“ಹೊತ್ತು ಮೀರತೈತಿ.”

ಅವಳು ಮುಟ್ಟಿದಾಗ ಗಂಡಸರು ರುದ್ರಭೂಮಿಯ ನಳದ ಕೆಳಗೆ ಸಲಿಕೆ ತೊಳೆಯುತ್ತಿದ್ದರು. ಸಲಿಕೆಯಿಂದ ಇಳಿಯುವ ಕರಿನೀರನ್ನು ನೋಡುತ್ತ ಅವಳು ನಿಂತಳು. ಯಾರೋ ಸಮಾಧಾನ ಹೇಳಲು ಬಂದವರು ತಿಳಿಯದೇ ನಿಜ ಹೇಳಿಬಿಟ್ಟರು: ಹೆಣವನ್ನು ಬೆಳಿಗ್ಗೆಯೇ ಶೃಂಗಾರ ಮಾಡಿ ಕೂಡಿಸಿದ್ದರಂತೆ, ಮಧ್ಯಾಹ್ನದ ತನಕ ಧಣಿಗಾಗಿ ಕಾದರಂತೆ, ಧಣಿ ಬಂದು ಮಾಲೆ ಹಾಕಿ ಫೋಟೋ ತೆಗೆಸಿಕೊಂಡ ಮೇಲೆಯೇ ಎತ್ತಿದರಂತೆ. ಮುಚ್ಚಿದ ಮಣ್ಣಿನ ಮೇಲೆ ಮಣ್ಣು ಸುರಿಯಲು ಮಹಾನಂದಾಳಿಗೆ ಮನಸ್ಸಾಗಲಿಲ್ಲ. ಅದು ಮಣ್ಣು ಕೊಡುವುದಲ್ಲ, ತಗ್ಗು ತುಂಬುವುದು. ಯಾರು ತಡೆಯಲಿಲ್ಲವೋ ಅವನ ಕೈಯಿಂದಲೇ ಇದನ್ನು ಹಾಕಿಸುತ್ತೇನೆ, ಅವನೂ ಒಂದು ದಿನ ನನ್ನ ಮುಂದೆ ಅರ್ಧ ತಾಸು ಬೇಡಬೇಕು, ನಾನು ಕೊಡಬಾರದು ಎಂದು ಆ ನಳದ ಮುಂದೆಯೇ ಗಂಟು ಬಿಗಿ ಮಾಡಿದಳು. ಆ ಗಂಟು, ಮಡಚಿಟ್ಟ ಸೀರೆಯ ಸಮೇತ, ನಾಲ್ಕು ವರ್ಷ ದೇವರ ಜಗಲಿಯ ಮೇಲಿತ್ತು. ದಿನಾ ಅದಕ್ಕೂ ಒಂದು ಊದುಬತ್ತಿ ಬೆಳಗುತ್ತಿದ್ದಳು. ಇಂದು ಅದೇ ಸೀರೆ ಉಟ್ಟು ಬಂದಿದ್ದಳು.

ಈ ಚಳಿಗಾಲದಲ್ಲಿ ಕಾಶಿನಾಥ ಕಂಬಿಯ ಮುಕ್ಕಾಮು ತನ್ನ ಹೊಸ ಮನೆಗೆ ಬೇಕೆಂದು ಕೇಳಿಕೊಂಡ ಸುದ್ದಿ ಬಂದದ್ದೇ ತಡ, ಅವಳು ತಂಡದ ಹಿರಿಯ ಸಂಗನಬಸವಜ್ಜನ ಮನೆಗೆ ಹೋಗಿ ಈ ವರ್ಷ ಹೆಗಲು ನನ್ನದು ಎಂದಳು. ಅಜ್ಜ ಅವಳ ಮುಖವನ್ನು ಬಹಳ ಹೊತ್ತು ನೋಡಿದ. ನಿಮ್ಮವ್ವ ಹೊತ್ತ ಕಂಬಿ, ಬೇಡ ಎನ್ನಲು ಬಾರದು ಎಂದ. ಆಮೇಲೆ ಇನ್ನೊಂದು ಮಾತು ಸೇರಿಸಿದ.

“ಮನಸಿನಾಗ ಹಗಿ ಇಟಗೊಂಡು ಹೊತ್ತರ ಕಂಬಿ ಭಾಳ ವಜ್ಜ ಆಗತೈತಿ ನೋಡವಾ.”

“ಹೊರತೀನ್ರಿ ಅಜ್ಜಾರ,” ಎಂದಿದ್ದಳು ಅವಳು.

ಕಾಶಿನಾಥನ ಪಡಸಾಲೆಯಲ್ಲಿ ಎರಡು ಮಣೆಯ ಮೇಲೆ ಕಂಬಳಿ ಹಾಸಿ ಕಂಬಿಯನ್ನಿಟ್ಟರು. ಜನ ಅಲ್ಲಲ್ಲೇ ಉರುಳಿಕೊಂಡರು. ಮುಕ್ಕಾಮಿನ ದಿನದ ಸುಖವೇ ಬೇರೆ. ಹಿತ್ತಲ ಹಗ್ಗದ ತುಂಬ ಒದ್ದೆ ಧೋತರ, ಸೀರೆ. ಒಲೆಯ ಮೇಲೆ ಹಂಡೆ. ಬೇವಿನೆಣ್ಣೆಯ ಕಮಟು ವಾಸನೆ. ಗಂಡಸರು ತಮ್ಮ ತಮ್ಮ ಅಂಗಾಲು ಮಡಚಿ ನೋಡಿಕೊಳ್ಳುತ್ತಿದ್ದರು.

ಮಹಾನಂದಾ ಹಿತ್ತಲ ಬೇವಿನ ಗಿಡದ ಕೆಳಗೆ ದುಂಡವ್ವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ದುಂಡವ್ವ ಕುಬಿಹಾಳದ ಕೆಳಗೇರಿಯವಳು. ಹೊಲದ ಕೂಲಿಗೆ ಹೋಗಿ ಒಬ್ಬಳೇ ಬದುಕುವ ಮುದುಕಿ. ದಾರಿಯುದ್ದಕ್ಕೂ ಕಂಬಿಯ ಬಲಬಾಜು ಇವಳು ಒಂದು ಹೆಜ್ಜೆ ಬಿಡದೆ ಬಂದಿದ್ದಳು. ಇಂದು ಅವಳ ಎಡಗಾಲಿನ ಗುಳ್ಳೆ ಹಿಮ್ಮಡಿಯಿಂದ ಬೆರಳಿನ ತನಕ ಒಂದೇ ಆಗಿ, ಕೆಂಪಾಗಿ ಬಿಗಿದಿತ್ತು. ಮಹಾನಂದಾ ಸೂಜಿಗೆ ಬಿಳಿದಾರ ಪೋಣಿಸಿ ಗುಳ್ಳೆಯ ಒಂದು ಬದಿಗೆ ಚುಚ್ಚಿ ಇನ್ನೊಂದು ಬದಿಗೆ ತೆಗೆದು ದಾರವನ್ನು ಒಳಗೇ ಬಿಟ್ಟಳು. ನೀರು ದಾರ ಹಿಡಿದು ಇಳಿಯುತ್ತದೆ, ಚರ್ಮ ಕೀಳುವುದಿಲ್ಲ.

ದುಂಡವ್ವ ನೋವನ್ನು ಬಾಯಿಗೆ ತರುವವಳಲ್ಲ. ಆದರೆ ಬೆಳಗಿನ ಪಾದ ತೊಳೆಯುವ ಸುದ್ದಿ ತೆಗೆದಳು. ಕಾಶಿನಾಥ ಸಾಲಿನಲ್ಲಿ ಎಲ್ಲರ ಕಾಲು ಉಜ್ಜುತ್ತ ಬಂದವನು, ಯಾರೋ ಅವಳನ್ನು ಹೆಸರು ಹಿಡಿದು ಕರೆದದ್ದು ಕೇಳಿ ಕೇರಿ ಗುರುತಿಸಿದವನೇ, ಅವಳ ಪಾಳಿ ಬಂದಾಗ ಎದ್ದು ನಿಂತು ಕೊಡವನ್ನು ಎದೆಯ ಮಟ್ಟಕ್ಕೆ ಎತ್ತಿ ನೀರು ಬಿಟ್ಟಿದ್ದ.

“ಮ್ಯಾಲಿಂದ ಮಳಿ ಬಂದಂಗ ಬಂತ ನೋಡವಾ ನೀರು. ಕೈ ಮೊಣಕಾಲ ಎಲ್ಲಾ ತೋಯಿಸ್ತು, ಕಾಲಿಗೆ ಒಂದ ಹನಿ ಬೀಳಲಿಲ್ಲ.”

ಮಹಾನಂದಾ ನಗಲಿಲ್ಲ. ಇನ್ನೊಂದು ಗುಳ್ಳೆ ಹುಡುಕಿದಳು.

ಬಿಸಿನೀರಿನ ಚರಿಗೆ ತಂದ ಕಾಶಿನಾಥನ ಹೆಂಡತಿ ಸುನಿತಾ ಅಲ್ಲೇ ಕಂಬಕ್ಕೆ ಒರಗಿ ನಿಂತಳು. ಆ ದಿನ ತಾನು ಗಂಡನಿಗೆ ಎರಡು ಸಲ ಹೇಳಿದ್ದೆ, ತಂಗಿ ಬರುತ್ತಿದ್ದಾಳೆ ತಡೆಯಿರಿ ಎಂದು, ಅವರು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ ಎಂದು ನಾಲ್ಕು ವರ್ಷ ಒಳಗಿಟ್ಟದ್ದನ್ನು ಒಂದೇ ಉಸಿರಿಗೆ ಹೇಳಿದಳು. ಮಹಾನಂದಾ ಚರಿಗೆ ತೆಗೆದುಕೊಂಡು, ನಿನ್ನ ಮೇಲೆ ನನಗೆ ಏನೂ ಇಲ್ಲ ವೈನಿ ಎಂದಳು. ನಿಜವಾಗಿಯೂ ಇರಲಿಲ್ಲ. ಇದ್ದದ್ದೆಲ್ಲ ಒಬ್ಬನ ಮೇಲೆಯೇ ಇತ್ತು. ಹಂಚಲು ಅವಳು ತಯಾರಿರಲಿಲ್ಲ.

ಊಟವಾದ ಮೇಲೆ ಆ ಒಬ್ಬ ತಾನಾಗಿಯೇ ಬಂದ. ತಂಗಿಯಿಂದ ಒಂದು ಮಾರು ದೂರ, ಕುರ್ಚಿ ಹಾಕಿಸಿಕೊಂಡು ಕೂತ. ಮೊದಲು ಕುಬಿಹಾಳದ ಬೆಳೆ ಕೇಳಿದ, ಆಮೇಲೆ ಅವಳ ಮಂಡಿನೋವು ಕೇಳಿದ. ಕೊನೆಗೆ ಬಂದ ಕೆಲಸಕ್ಕೆ ಬಂದ. ಸಂಜೆ ಧಣಿ ಬಂದಾಗ ಕಂಬಿಗೆ ಒಂದು ಗಳಿಗೆ ಹೆಗಲು ಕೊಡಬೇಕೆಂದು ಆಸೆಪಟ್ಟಿದ್ದಾರಂತೆ. ಎತ್ತಿ ಅವರ ಹೆಗಲಿಗಿಟ್ಟು ಅವಳು ಬಾಜು ಸರಿದು ನಿಂತರೆ ಸಾಕು. ಫೋಟೋದವನು ಗದಗಿನಿಂದ ಬರುತ್ತಾನೆ. ಹಳೆಯದೆಲ್ಲ ಹಳೆಯದಾಯಿತು, ಅವ್ವನ ಹೆಸರಿನಲ್ಲೇ ಎಲ್ಲ ಮಾಡುತ್ತಿದ್ದೇನಲ್ಲ ಎಂದ.

ಮಹಾನಂದಾ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. ಮನಸ್ಸಿನ ಯಾವುದೋ ಮೂಲೆಯಲ್ಲಿ, ಅವನು ತಪ್ಪಾಯಿತು ಎಂದರೆ ಏನು ಮಾಡಬೇಕು ಎಂಬ ಅಂಜಿಕೆಯೂ ಅವಳಿಗೆ ಇತ್ತು. ಅಷ್ಟು ದೂರ ನಡೆದು ಬಂದ ಸಿಟ್ಟು ಒಂದು ಮಾತಿಗೆ ಕರಗಿಬಿಟ್ಟರೆ? ಆದ್ದರಿಂದ ಒಂದೇ ಪ್ರಶ್ನೆ ಕೇಳಿದಳು.

“ಅವತ್ತ ಯಾಕ ತಡೀಲಿಲ್ಲ ಅಣ್ಣಾ?”

ಕಾಶಿನಾಥ ಅಂಜಲಿಲ್ಲ, ನಾಚಲಿಲ್ಲ. ಲೆಕ್ಕ ಒಪ್ಪಿಸುವವನ ಹಾಗೆ ಹೇಳಿದ.

“ಧಣ್ಯಾರು ಮಣ್ಣ ಕೊಟ್ಟು ಹೋಗಬೇಕಾಗಿತ್ತು. ಅವರಿಗೆ ಮುಂದ ಬ್ಯಾರೆ ಕಾರ್ಯಕ್ರಮ ಇತ್ತವಾ. ಅವರನ್ನ ನಿಲ್ಲಸಾಕ ಬರತಿತ್ತೇನು?”

ಅವಳು ತಲೆಯಾಡಿಸಿದಳು. ಅಂಜಿಕೆ ಹೋಯಿತು. ಅವಳು ಒಪ್ಪಿದಳೆಂದು ತಿಳಿದು ಅವನೂ ತಲೆಯಾಡಿಸಿ ಎದ್ದುಹೋದ. ಅವನ ಚಪ್ಪಲಿ ಸಪ್ಪಳ ಒಳಗೆ ಹೋಗುವ ತನಕ ದುಂಡವ್ವ ಕಾದಳು. ಆಮೇಲೆ, ನಾಳೆ ನಸುಕಿಗೆ ಹೊರಡುವುದು ಗ್ಯಾರಂಟಿಯೋ ಹೇಗೆ ಎಂದು ಕೇಳಿದಳು. ಮಹಾನಂದಾಳ ಕಣ್ಣು ದುಂಡವ್ವನ ಅಂಗಾಲಿನಿಂದ ಇಳಿಯುತ್ತಿದ್ದ ಬಿಳಿದಾರಗಳ ಮೇಲಿತ್ತು. ಇಂದೇ ಎದ್ದರೆ ಈ ಕಾಲು ನಡೆಯದು. ಈ ಮುದುಕಿ ಒಂದು ವರ್ಷ ಕೂಲಿಯ ನಡುವೆ ದಿನ ಎಣಿಸಿದ್ದು ಈ ದಾರಿಗಾಗಿ. ನಾಲ್ಕು ವರ್ಷದ ಲೆಕ್ಕದಲ್ಲಿ ಮಹಾನಂದಾ ಹಿಡಿಯದೆ ಬಿಟ್ಟಿದ್ದು ಇದೊಂದೇ.

ಐದು ಹೊಡೆಯಿತು. ಧಣಿ ಬರಲಿಲ್ಲ. ಓಣಿಯಲ್ಲಿ ಪೆಂಡಾಲು, ಬಾಡಿಗೆ ಕುರ್ಚಿ, ಮೈಕಿನವನ ಹಲೋ ಹಲೋ. ದೊಡ್ಡ ಹಂಡೆಗಳಲ್ಲಿ ಗೋಧಿ ಹುಗ್ಗಿ ಕುದಿದು ಗಟ್ಟಿಯಾಗುತ್ತಿತ್ತು. ಕಾಶಿನಾಥ ಒಳಗೂ ಹೊರಗೂ ಓಡಾಡುತ್ತಿದ್ದ. ಮಡಿಕೆ ಮುರಿಯದ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಕೊನೆಗೆ ಫೋನು ಬಂತು. ಅವನು ಎಲ್ಲರಿಗೂ ಕೇಳುವ ಹಾಗೆ, ಮುಖ ಅರಳಿಸಿ ಹೇಳಿದ.

“ಧಣ್ಯಾರು ನಲವಡಿಗೆ ಬಂದಾರಂತ. ಅರ್ಧ ತಾಸಿನಾಗ ಇಲ್ಲೆ ಇರತಾರ.”

ಹಾರ ತೆಗೆದುಕೊಂಡು ಎದುರುಗೊಳ್ಳಲು ಮೋಟಾರ್‌ಸೈಕಲ್ಲಿನ ಮೇಲೆ ಹೋದ.

ಅರ್ಧ ತಾಸು ಎಂಬುದು ಮಹಾನಂದಾ ಕೇಳಿಕೊಂಡು ಬಂದದ್ದು. ನಲವಡಿ ಎಂಬುದನ್ನು ಅವಳು ಕೇಳಿರಲಿಲ್ಲ. ಅದನ್ನು ಮಲ್ಲಯ್ಯನೇ ತನ್ನ ಕೈಯಿಂದ ಸೇರಿಸಿ ಕೊಟ್ಟಿದ್ದ. ಅವಳು ಹಿತ್ತಲಿಗೆ ಹೋಗಿ ದುಂಡವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

“ನಾ ಈಗ ಏಳತೀನಿ ದುಂಡವ್ವಾ. ನಿನಗ ನಡಿಯಾಕ ಆಗೂದಿಲ್ಲ. ನನಗ ಗೊತ್ತೈತಿ.”

ದುಂಡವ್ವ ಅವಳ ಮುಖ ನೋಡಿದಳು. ದೂರದ ಪೆಂಡಾಲಿನ ಕಡೆ ನೋಡಿದಳು. ಮಧ್ಯಾಹ್ನದ ಮಾತನ್ನು ಅವಳೂ ಕೇಳಿದ್ದವಳೇ. ಕಾಲನ್ನು ನಿಧಾನಕ್ಕೆ ಚಾಚಿ ಬೇವಿನ ಬುಡಕ್ಕೆ ಒರಗಿದಳು.

“ಮಲ್ಲಯ್ಯ ಎಲ್ಲಿ ಓಡಿ ಹೊಕ್ಕಾನ, ಮುಂದಿನ ವರ್ಷಾನೂ ಅಲ್ಲೇ ಇರತಾನ. ನಡಿ ನೀ. ಕಾಲ ಮಾಯೂ ಮಟಾ ನಾ ಇಲ್ಲೇ ಇರತೀನಿ. ಬಿದ್ದ ಯಾತ್ರಿಕರ ಕಾಲ ಎರಡೂ ಹೊತ್ತು ಯಜಮಾನ ತೊಳೀಬೇಕು, ಕಟ್ಟಳಿ ಐತಿ. ಈ ಸಲ ಮಳಿ ನೀರ ನಡಿಯೂದಿಲ್ಲ. ಕೈ ಹಚ್ಚಿ ತೊಳಿಸಿಕೋತೀನಿ.”

ಹಾಗೆಂದು ಸೊಂಟದ ಚೀಲದಿಂದ ಬಾಗಿನದ ಹಸಿರು ಖಣ ತೆಗೆದುಕೊಟ್ಟಳು. ಶ್ರೀಶೈಲದ ಅಮ್ಮನವರ ಗುಡಿಗೆ ಮುಟ್ಟಿಸು ಎಂದಳು. ಅದನ್ನು ಕೊಡುವಾಗ ಮಾತ್ರ ಅವಳ ಕೈ ಸ್ವಲ್ಪ ತಡೆಯಿತು. ಮಹಾನಂದಾ ಅದನ್ನು ಕಂಡೂ ತೆಗೆದುಕೊಂಡಳು. ಆ ಪಾಪ ನನ್ನದೇ ಇರಲಿ ಎಂದುಕೊಂಡಳು.

ಪಡಸಾಲೆಗೆ ಬಂದು ಕಂಬಿಗೆ ಹೆಗಲು ಕೊಟ್ಟು ಎದ್ದಳು. ಗಂಟೆ ನುಡಿಯಿತು. ಮಲಗಿದ್ದವರು ದಿಗ್ಗನೆ ಎದ್ದು ಕೂತರು. ಹಗ್ಗದ ಮೇಲಿನ ಬಟ್ಟೆ ಇನ್ನೂ ಒಣಗಿರಲಿಲ್ಲ. ಒಬ್ಬ ಹುಗ್ಗಿಯ ವಾಸನೆ ಬಂದ ಕಡೆ ತಿರುಗಿ ನೋಡಿ, ಟವೆಲು ತಲೆಗೆ ಸುತ್ತಿಕೊಂಡ. ಸುನಿತಾ ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತವಳು ಮುಂದೆ ಬರಲಿಲ್ಲ. ಓಣಿಯವರು ಮಾತ್ರ ಗಾಬರಿಯಾಗಿ ಸಂಗನಬಸವಜ್ಜನನ್ನು ಹಿಡಿದು, ಧಣಿ ಬರುತ್ತಿದ್ದಾರೆ, ನೀವಾದರೂ ಹೇಳಿರಿ ಎಂದರು. ಅಜ್ಜ ಕೋಲು ಹುಡುಕಿಕೊಳ್ಳುತ್ತ, ಕಂಬಿ ಎದ್ದಮೇಲೆ ನಮ್ಮ ತಂಡದಲ್ಲಿ ಕಾರಣ ಕೇಳುವುದಿಲ್ಲ ಎಂದಷ್ಟೇ ಹೇಳಿ ಮೆಟ್ಟಿಲಿಳಿದ. ಮಹಾನಂದಾಳ ಪಕ್ಕಕ್ಕೆ ಬಂದಾಗ, ವಜ್ಜ ಹೇಗಿದೆ ಎಂದು ಮೆಲ್ಲಗೆ ಕೇಳಿದ. ಹಗುರಾಗಿದೆ ಎಂದಳು. ಅಜ್ಜನಿಗೆ ಅದು ಇಷ್ಟವಾಗಲಿಲ್ಲ. ಆದರೂ ಅವನು ಹಿಂದೆ ನಡೆದ.

ಬಾಡಿಗೆ ಕುರ್ಚಿಗಳ ನಡುವೆ ಕಂಬಿ ಹಾದುಹೋಯಿತು. ಮೈಕಿನವನು ಧಣಿ ಬಂದರೆಂದು ತಿಳಿದು ಒಮ್ಮೆ ಸ್ವಾಗತ ಸುಸ್ವಾಗತ ಎಂದು, ಬಾಯಿ ಮುಚ್ಚಿಕೊಂಡ. ಓಣಿಯ ಬಾಯಲ್ಲಿ, ಫ್ಲೆಕ್ಸಿನ ಮೂಲೆಯ ಅವ್ವನ ಚಿತ್ರ ಕಮಾನಿನ ವಸ್ತ್ರಕ್ಕೆ ತಾಗಿ ಹಿಂದೆ ಉಳಿಯಿತು.

ಗದಗಿನ ರಸ್ತೆಗೆ ಬಿದ್ದರೆ ಊರು ಮುಗಿಯುವಲ್ಲಿ ರುದ್ರಭೂಮಿ. ಕಬ್ಬಿಣದ ಗೇಟು, ಗೇಟಿನಾಚೆ ಅದೇ ನಳ. ಮಹಾನಂದಾ ರಸ್ತೆಯ ಮೇಲೇ ಗೇಟಿನ ಎದುರಿಗೆ ನಿಂತಳು. ತಂಡವೂ ನಿಂತಿತು. ಬಿಸಿಲು ಬಾಗಿತ್ತು, ರಸ್ತೆ ಮಾತ್ರ ಇನ್ನೂ ಸುಡುತ್ತಿತ್ತು. ಅವಳು ಕಾಲು ಬದಲಿಸಲಿಲ್ಲ.

ಮೋಟಾರ್‌ಸೈಕಲ್ಲು ಮೊದಲು ಬಂತು, ಅದರ ಹಿಂದೆ ಸ್ವಲ್ಪ ದೂರದಲ್ಲಿ ಧಣಿಯ ಬಿಳಿ ಕಾರು. ಓಣಿಯವರು ಫೋನಿನಲ್ಲೇ ಸುದ್ದಿ ಮುಟ್ಟಿಸಿದ್ದರು. ಕಾಶಿನಾಥ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಲೂ ಮರೆತು ಓಡಿಬಂದ. ಗಾಡಿ ಮಗ್ಗುಲಿಗೆ ಬಿತ್ತು. ಅವನ ಕೈಯಲ್ಲಿ ಧಣಿಗೆ ತಂದ ಹಾರ ಹಾಗೆಯೇ ಇತ್ತು. ನಾಳೆ ಹೋಗುವ ಮುಕ್ಕಾಮು ಇಂದೇ ಎದ್ದರೆ ಹೇಗೆ, ಜನ ಏನು ತಿಳಿಯಬೇಕು, ಧಣಿ ಏನು ತಿಳಿಯಬೇಕು ಎಂದು ಸಿಟ್ಟಿನಿಂದ ಶುರು ಮಾಡಿದವನು ಕಾರಿನ ಕಡೆ ನೋಡಿ ದನಿ ಇಳಿಸಿದ. ಆಮೇಲೆ ಕೈಗಳನ್ನು ಜೋಡಿಸಿದ. ಹಾರ ಅವುಗಳ ನಡುವೆ ಹಿಚುಕಿತು.

“ಅರ್ಧ ತಾಸು ತಂಗಿ. ಬರೇ ಅರ್ಧ ತಾಸು ತಡಿ. ನಿನ್ನ ಕಾಲ ಬೀಳತೀನಿ.”

ಮಹಾನಂದಾ ಈ ಮಾತನ್ನು ಎಷ್ಟೋ ಸಲ ಮನಸ್ಸಿನೊಳಗೇ ಅವನಿಂದ ಹೇಳಿಸಿದ್ದಳು. ನಿಜವಾದ ದನಿ ಅದಕ್ಕಿಂತ ಸಣ್ಣದಾಗಿತ್ತು.

“ನನ್ನ ಸೆರಗಿನ ಗಂಟ ಬಿಚ್ಚು,” ಎಂದಳು. “ನನ್ನ ಎರಡೂ ಕೈ ಕಂಬಿ ಮ್ಯಾಲ ಅದಾವ.”

ಅವನಿಗೆ ಅರ್ಥವಾಗಲಿಲ್ಲ. ಆದರೂ ಬಿಚ್ಚಿದ. ನಾಲ್ಕು ವರ್ಷದ ಗಂಟು, ಹಲ್ಲು ಹಚ್ಚಬೇಕಾಯಿತು. ಒಳಗಿದ್ದ ಎರೆಮಣ್ಣು ಒಣಗಿ ಹೆಂಟೆಯಾಗಿತ್ತು.

“ಇದು ಕುಬಿಹಾಳದ ಮಣ್ಣು. ಅವ್ವ ಕೇಳಿದ್ದು. ಕಂಬಿ ಹೊತ್ತಾಕಿ ನಾ ಒಳಗ ಹೋಗೂ ಹಂಗಿಲ್ಲ. ನೀ ಹೋಗು. ಮೊಣಕಾಲೂರಿ, ಪುಡಿ ಮಾಡಿ, ಕೈಯಾರೆ ಹಾಕು.”

“ಹಾಕಿ ಬಂದರ ತಿರಗತೀ ಇಲ್ಲೋ?”

ಅವಳು ಏನೂ ಹೇಳಲಿಲ್ಲ. ಬೇಕಾದವನಿಗೆ ಮೌನವೂ ಹೌದು ಎಂದೇ ಕೇಳುತ್ತದೆ. ಕಾಶಿನಾಥ ಕಾರಿನ ಕಡೆ ಕೈ ಮಾಡಿ, ಒಂದೇ ನಿಮಿಷ ಎಂಬ ಹಾಗೆ ಬೆರಳೆತ್ತಿ ಗೇಟು ದಾಟಿದ.

ಅವ್ವನ ಸಮಾಧಿಯ ಸುತ್ತ ಹುಲ್ಲು ಬೆಳೆದಿತ್ತು. ಹೊಸ ಮನೆ ಕಟ್ಟಿಸಿದವನಿಗೆ ಇಲ್ಲಿ ನಾಲ್ಕು ಕಲ್ಲು ನಿಲ್ಲಿಸಲು ಪುರಸೊತ್ತಾಗಿರಲಿಲ್ಲ. ಎಲ್ಲಿ ಎಂದು ಅವನು ಅತ್ತ ಇತ್ತ ನೋಡಿದ. ತನ್ನ ಅವ್ವನನ್ನು ಹುಡುಕುತ್ತಿದ್ದ ಅವನನ್ನು ತಂಡದವರೆಲ್ಲ ನೋಡಿದರು, ಧಣಿಯೂ ಕಾರಿನ ಗಾಜು ಇಳಿಸಿ ನೋಡಿದರು. ಕೊನೆಗೆ ಕಂಡಿರಬೇಕು, ಬಿಳಿ ಬಟ್ಟೆಯಲ್ಲೇ ಮೊಣಕಾಲೂರಿದ. ಹೆಂಟೆ ಸುಲಭಕ್ಕೆ ಒಡೆಯುವಂತಿರಲಿಲ್ಲ. ಎರಡೂ ಅಂಗೈಗಳ ನಡುವೆ ಹಿಡಿದು ಉಜ್ಜಿದ, ಬೆಳಿಗ್ಗೆ ಅವಳ ಕಾಲು ಉಜ್ಜಿದ ಹಾಗೆ. ಮಣ್ಣು ಅವನ ಬೆರಳುಗಳ ಸಂದಿಯಿಂದ ಇಳಿಯಿತು. ಯಾಕೋ ಅವನು ತಕ್ಷಣ ಏಳಲಿಲ್ಲ. ತಲೆ ಬಗ್ಗಿಸಿ ಸ್ವಲ್ಪ ಹೊತ್ತು ಹಾಗೆಯೇ ಕೂತ.

ಮಹಾನಂದಾ ಅಷ್ಟನ್ನೂ ನೋಡಿದಳು. ಅವಳಿಗೆ ನಿಲ್ಲಬೇಕೆನಿಸಿತೋ ಇಲ್ಲವೋ, ಅದನ್ನು ಆಮೇಲೆ ಅವಳು ಯಾರಿಗೂ ಹೇಳಲಿಲ್ಲ. ಮಣ್ಣು ಮುಟ್ಟಿತು. ಅವಳು ಬಂದ ಎರಡು ಕೆಲಸಗಳಲ್ಲಿ ಒಂದು ಮುಗಿದಿತ್ತು. ಇನ್ನೊಂದಕ್ಕಾಗಿ ಅವಳು ಹೆಗಲು ಅಲುಗಿಸಿದಳು. ಗಂಟೆ ನುಡಿಯಿತು.

ಧಣಿ ಕೈಗಡಿಯಾರ ನೋಡಿಕೊಂಡರು. ಗಾಜು ಮೇಲೆ ಹೋಯಿತು. ಕಾರು ಹಿಂದಕ್ಕೆ ಸರಿದು, ತಿರುಗಿ, ಬಂದ ದಾರಿಗೇ ಹೋಯಿತು. ಅವರಿಗೆ ಮುಂದೆ ಬೇರೆ ಕಾರ್ಯಕ್ರಮವಿತ್ತು.

ಕಾಶಿನಾಥ ಗೇಟಿಗೆ ಬಂದಾಗ ಎಡಕ್ಕೆ ಕಾರಿನ ಧೂಳಿತ್ತು, ಬಲಕ್ಕೆ ಕಂಬಿಯ ಬೆನ್ನಿತ್ತು. ಅವನು ಕೂಗಿದ. ಸಿಟ್ಟಿನ ಕೂಗಲ್ಲ. ಚಿಕ್ಕವರಿದ್ದಾಗ ಕೆರೆಯ ದಂಡೆಯಲ್ಲಿ ಅವಳು ಮುಂದೆ ಓಡಿದರೆ ಕೂಗುತ್ತಿದ್ದನಲ್ಲ, ಅದೇ ಹೆಸರು, ಅದೇ ರಾಗ.

“ಮಾನಂದಾ, ನಿಂದರ ಬೇ.”

ಅವಳು ತಿರುಗಲಿಲ್ಲ. ತಿರುಗುವ ಹಾಗೂ ಇರಲಿಲ್ಲ. ಗಾಳಿಗೆ ಕೇಳಲಿ ಎಂದು ಮುಖ ಮುಂದಿಟ್ಟುಕೊಂಡೇ ಹೇಳಿದಳು.

“ಹೊತ್ತು ಮೀರತೈತಿ ಅಣ್ಣಾ.”

ಹಿಂದಿನಿಂದ ಸಂಗನಬಸವಜ್ಜನ ಕೋಲಿನ ಸಪ್ಪಳ ಬರುತ್ತಿತ್ತು. ಬಲಬಾಜು ದುಂಡವ್ವ ನಡೆಯಬೇಕಾದ ಜಾಗ ಖಾಲಿ ಇತ್ತು. ಯಾರೋ ಅದನ್ನು ತುಂಬಲು ಬಂದರು. ಮಹಾನಂದಾ ಬೇಡ ಎಂದು ತಲೆಯಾಡಿಸಿದಳು. ಒಂದು ದಿನವೂ ಆರದ ಗುಳ್ಳೆ ಅಂಗಾಲಿನ ಕೆಳಗೆ ಒಡೆದು ಬೆಚ್ಚಗೆ ಹರಿಯಿತು. ಹೆಗಲು ಹಗುರಾಗಿದೆ ಎಂದು ಅಜ್ಜನಿಗೆ ಹೇಳಿದ್ದು ಸುಳ್ಳಾಗಿತ್ತು. ಆದರೂ ಅವಳು ಹೆಜ್ಜೆ ಸಣ್ಣದು ಮಾಡಲಿಲ್ಲ. ಅವ್ವನ ಹಾಡನ್ನು, ಅವ್ವನಿಗಿಂತ ಒಂದು ದನಿ ಮೇಲೆ, ರುದ್ರಭೂಮಿಯ ತನಕ ಕೇಳುವಷ್ಟು ಗಟ್ಟಿಯಾಗಿ ಎತ್ತಿದಳು.